ಕುದುರೆ ಮೇಲಿನ ಪೊಲೀಸ್: ಡಾಕ್ಯುಮೆಂಟರಿಗೆ ಕೈ ಹಾಕುವ ಮುಂಚೆ ಗೊತ್ತಿರಬೇಕಾದ ಹಳೇ ಜಗಳ

ಪೊಲೀಸ್ ಕುದುರೆಗಳ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡೋಣ ಎಂದು ಹೊರಡುವ ವಿದ್ಯಾರ್ಥಿಗಳ ಮೊದಲ ಪ್ಲಾನ್ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಬೆಳಗಿನ ಜಾವದ ಲಾಯ, ಮೈ ಉಜ್ಜುವ ಸವಾರ, ಲಾಳ ಹೊಡೆಯುವ ಸದ್ದು, ಬೀದಿಯಲ್ಲಿ ಕುದುರೆಯ ಮೂಗು ಸವರುವ ಮಕ್ಕಳು, ಕೊನೆಗೆ ಇಳಿಬಿಸಿಲಲ್ಲಿ ಒಂದು ಸ್ಲೋ ಮೋಷನ್. ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಸ್ವಲ್ಪ ಓದಲು ಶುರು ಮಾಡಿದರೆ ಸಾಕು, ತಲೆ ಕೆಡುತ್ತದೆ. ಒಂದು ನಗರ ತನ್ನ ಅಶ್ವದಳವನ್ನು ಮುಚ್ಚಿದೆ, ಪಕ್ಕದ ನಗರ ಹೊಸ ಕುದುರೆ ಕೊಂಡಿದೆ. ಒಬ್ಬರು ಇದು ಪ್ರಾಣಿಹಿಂಸೆ ಎನ್ನುತ್ತಾರೆ, ಇನ್ನೊಬ್ಬರು ಮನುಷ್ಯರ ಮೇಲಿನ ಹಿಂಸೆ ಎನ್ನುತ್ತಾರೆ, ಮೂರನೆಯವರು ಅದೆಲ್ಲ ಬಿಡಿ, ಸುಮ್ನೆ ದುಡ್ಡು ದಂಡ ಎನ್ನುತ್ತಾರೆ. ಎಲ್ಲರ ಹತ್ತಿರವೂ ತೋರಿಸಲು ಒಂದೊಂದು ವಿಡಿಯೊ ಇದೆ. ಹಾಗಾಗಿ ಕಥೆಯನ್ನು ಮೊದಲಿಂದ ನೋಡುವುದು ಒಳ್ಳೆಯದು.

ಪೊಲೀಸರು ಕುದುರೆ ಹತ್ತಿದ್ದು ಜನರನ್ನು ಚದುರಿಸಲು ಅಲ್ಲ, ದೂರ ಹೋಗಲು. ಫ್ರಾನ್ಸಿನ ಹಳ್ಳಿದಾರಿಗಳನ್ನು ಕಾಯುತ್ತಿದ್ದ ಮಾರೆಷೋಸೆ ಎಂಬ ಸವಾರ ಪಡೆ ಮಧ್ಯಯುಗದಷ್ಟು ಹಳೆಯದು, 1791ರಲ್ಲಿ ಅದೇ ಜೆಂಡಾರ್ಮರಿ ಆಯಿತು. ಲಂಡನ್ನಿನ ಸುತ್ತ ಪ್ರಯಾಣಿಕರನ್ನು ದೋಚುವ, ಕುದುರೆ ಮೇಲೆ ಬರುವ ದರೋಡೆಕೋರರ ಕಾಟ ತಡೆಯಲಾಗದೆ 1763ರಲ್ಲಿ ಬೋ ಸ್ಟ್ರೀಟ್ ಮ್ಯಾಜಿಸ್ಟ್ರೇಟ್ ಸರ್ ಜಾನ್ ಫೀಲ್ಡಿಂಗ್ ಒಂದು ಸವಾರ ಗಸ್ತು ಶುರು ಮಾಡಿದರು. ಸರ್ಕಾರ ದುಡ್ಡು ನಿಲ್ಲಿಸಿತು, ಗಸ್ತೂ ನಿಂತಿತು. 1805ರಲ್ಲಿ ಮತ್ತೆ ಬಂತು, ಈ ಸಲ ಕೆಂಪು ಒಳಕೋಟಿನ ಸಮವಸ್ತ್ರದೊಂದಿಗೆ. ಆ ಪಡೆ 1836ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸಿನೊಳಗೆ ಸೇರಿಹೋಯಿತು. ಇಂಥ ಪಡೆ ಶುರುವಾದದ್ದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1825, ಕಲ್ಕತ್ತೆಯಲ್ಲಿ 1840, ಕೆನಡಾದಲ್ಲಿ 1873. ಹೆಚ್ಚಿನ ಕಡೆ ಕಾರಣ ಒಂದೇ: ದಾರಿ ಉದ್ದ, ಪೊಲೀಸರು ಕಡಿಮೆ.

ಈ ದೂರದ ಕಥೆಯಲ್ಲೇ ಒಂದು ಕತ್ತಲ ಅಧ್ಯಾಯವೂ ಇದೆ. ಸಂಭ್ರಮದ ಸಿನಿಮಾಗಳು ಅದನ್ನು ಹಾರಿಸಿಬಿಡುತ್ತವೆ. ನ್ಯೂ ಸೌತ್ ವೇಲ್ಸ್‌ನ ಸವಾರ ಪಡೆಯಲ್ಲಿ ಇದ್ದವರು ಸೈನ್ಯದಿಂದ ಎರವಲು ತಂದ ಸಿಪಾಯಿಗಳು. ವಲಸಿಗರ ಜಮೀನು ಒಳನಾಡಿಗೆ ಹಬ್ಬಿದ ಹಾಗೆ ಇವರೂ ಅವರ ಜೊತೆ ಹೋದರು. 1838ರ ಜನವರಿಯಲ್ಲಿ ವಾಟರ್‌ಲೂ ಕ್ರೀಕ್ ಎಂಬಲ್ಲಿ ಮೂಲನಿವಾಸಿಗಳ ಮೇಲೆ ಗುಂಡು ಹಾರಿತು. ಎಷ್ಟು ಜನ ಸತ್ತರು ಎಂಬುದರಲ್ಲಿ ಇತಿಹಾಸಕಾರರಿಗೆ ಇವತ್ತಿಗೂ ಒಮ್ಮತವಿಲ್ಲ. ಎಣಿಸಿ ಬರೆಯುವವರೂ ಕುದುರೆ ಮೇಲೇ ಇದ್ದರು, ಅದಕ್ಕೆ.

ಆಮೇಲೆ ಮೋಟಾರು ಬಂತು. ದೂರದ ಕಾರಣ ಕೆಲವೇ ದಶಕಗಳಲ್ಲಿ ಬಿದ್ದುಹೋಯಿತು. ಕೆನಡಾದವರು ಇದನ್ನು ಎಲ್ಲರಿಗಿಂತ ನೇರವಾಗಿ ಒಪ್ಪಿಕೊಂಡರು. ಅವರ ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್ 1930ರ ದಶಕದ ಹೊತ್ತಿಗೆ ದಿನನಿತ್ಯದ ಕೆಲಸಕ್ಕೆ ಕುದುರೆ ಬಳಸುವುದನ್ನು ಬಿಟ್ಟಿತು. 1966ರಲ್ಲಿ ಹೊಸಬರಿಗೆ ಸವಾರಿ ಕಲಿಸುವುದನ್ನೂ ನಿಲ್ಲಿಸಿತು. ಈಗ ಉಳಿದಿರುವುದು ಹೆಸರು, ಮತ್ತೆ 32 ಸವಾರರು ಕಪ್ಪು ಕುದುರೆಗಳ ಮೇಲೆ ಸಂಗೀತಕ್ಕೆ ಕವಾಯತು ಮಾಡುವ ಮ್ಯೂಸಿಕಲ್ ರೈಡ್. ಬೇರೆ ಕಡೆಯವರು ಹಾಗೆ ಬಿಡಲಿಲ್ಲ. ದೂರಕ್ಕೆ ಕುದುರೆ ಬೇಡವಾದರೂ ಎತ್ತರಕ್ಕೆ ಬೇಕಿತ್ತು. ಕುದುರೆ ಮೇಲೆ ಕೂತವನಿಗೆ ಇಡೀ ಗುಂಪು ಕಾಣುತ್ತದೆ, ಗುಂಪಿಗೂ ಅವನು ಕಾಣುತ್ತಾನೆ. ಆರೇಳು ನೂರು ಕಿಲೋ ತೂಗುವ ಪ್ರಾಣಿ ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಬಂದರೆ ಯಾರೂ ಜಾಗ ಬಿಡದೆ ಇರುವುದಿಲ್ಲ.

ಇಲ್ಲಿಂದ ಮುಂದಿನದು ನಿಜವಾದ ಜಗಳ. ಇದರಲ್ಲಿ ಕ್ಯಾಮೆರಾ ಮೊದಲಿಂದಲೂ ಪಾಲುದಾರ. ಡಾಕ್ಯುಮೆಂಟರಿ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಭಾಗವೂ ಇದೇ.

1923ರ ಏಪ್ರಿಲ್ 28. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಮೊದಲ ಎಫ್‌ಎ ಕಪ್ ಫುಟ್‌ಬಾಲ್ ಫೈನಲ್. ಲೆಕ್ಕಕ್ಕೆ ಸಿಕ್ಕ ಪ್ರೇಕ್ಷಕರು 1,26,047, ಬೇಲಿ ಹಾರಿ ಬಂದವರನ್ನು ಸೇರಿಸಿದರೆ 2 ಲಕ್ಷ ದಾಟಿತ್ತು ಎಂಬ ಅಂದಾಜೂ ಇದೆ. ಜನ ಮೈದಾನದೊಳಗೇ ತುಂಬಿಕೊಂಡರು. ಜಾರ್ಜ್ ಸ್ಕೋರಿ ಎಂಬ ಕಾನ್‌ಸ್ಟೆಬಲ್ ಬಿಲ್ಲಿ ಎಂಬ ಕುದುರೆ ಮೇಲೆ ಮೆಲ್ಲಗೆ ಅವರನ್ನು ಗೆರೆಯಿಂದಾಚೆ ತಳ್ಳಿದರು. ಮುಕ್ಕಾಲು ಗಂಟೆ ತಡವಾಗಿ ಪಂದ್ಯ ಶುರುವಾಯಿತು. ಅವತ್ತು ಅಲ್ಲಿ ಬೇರೆ ಕುದುರೆಗಳೂ ಇದ್ದವು. ಆದರೆ ಬಿಲ್ಲಿಯ ಬಣ್ಣ ಬೂದು. ಅಂದಿನ ಕಪ್ಪು-ಬಿಳುಪು ನ್ಯೂಸ್‌ರೀಲಿನಲ್ಲಿ ಕಪ್ಪು ಕೋಟಿನ ಜನಸಾಗರದ ನಡುವೆ ಅದು ಬೆಳ್ಳಗೆ ಹೊಳೆಯಿತು. ಆ ಪಂದ್ಯಕ್ಕೆ ಬಿಳಿ ಕುದುರೆ ಫೈನಲ್ ಎಂದೇ ಹೆಸರು ಬಿತ್ತು, ಈಗ ಕ್ರೀಡಾಂಗಣದ ಹತ್ತಿರ ಒಂದು ಸೇತುವೆಗೂ ಅದೇ ಹೆಸರಿದೆ. ಫಿಲ್ಮಿನ ಗುಣಕ್ಕೆ ಒಂದು ಕುದುರೆ ವೀರನಾದದ್ದು ಹೀಗೆ. ಉಳಿದ ಕುದುರೆಗಳ ಹೆಸರು ಯಾರಿಗೆ ನೆನಪಿದೆ?

ಇದಕ್ಕೆ ಎದುರು ನಿಲ್ಲುವ ನೆನಪು ಇನ್ನೂ ಹಳೆಯದು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಫೀಲ್ಡ್‌ನಲ್ಲಿ ಮತದಾನದ ಹಕ್ಕು ಕೇಳಲು ಸೇರಿದ್ದ ಸುಮಾರು 60,000 ಜನರ ಮೇಲೆ ಸವಾರರು ಕತ್ತಿ ಹಿಡಿದು ನುಗ್ಗಿದ್ದರು. ಅವರು ಪೊಲೀಸರಲ್ಲ, ಅರೆಕಾಲಿಕ ಸವಾರ ಪಡೆ ಮತ್ತು ಸೈನಿಕರು. ಆದರೆ ಗುಂಪಿನ ನೆನಪಿಗೆ ಆ ವ್ಯತ್ಯಾಸ ಇರುವುದಿಲ್ಲ. 1936ರಲ್ಲಿ ಲಂಡನ್ನಿನ ಕೇಬಲ್ ಸ್ಟ್ರೀಟ್‌ನಲ್ಲಿ ಫ್ಯಾಸಿಸ್ಟರ ಮೆರವಣಿಗೆಗೆ ದಾರಿ ಮಾಡಿಕೊಡಲು ಪೊಲೀಸ್ ಕುದುರೆಗಳು ಬಂದಾಗ ಜನ ಗೊರಸಿನ ಕೆಳಗೆ ಗೋಲಿ ಉರುಳಿಸಿದರು. ಕುದುರೆ ಜಾರಿ ಬಿದ್ದರೆ ಕಾಲು ಮುರಿಯಬಹುದು ಎಂದು ಉರುಳಿಸಿದವರಿಗೂ ಗೊತ್ತಿತ್ತು. ಇದನ್ನು ಬರೀ ಹೆಮ್ಮೆಯಿಂದ ಹೇಳುವ ಹಿರಿಯರನ್ನು ಸಂದರ್ಶನ ಮಾಡುವಾಗ ಆ ಒಂದು ಪ್ರಶ್ನೆಯನ್ನೂ ಕೇಳಬೇಕು ಅನ್ನಿಸುತ್ತದೆ.

ಮತ್ತೆ 1984ರ ಜೂನ್ 18, ಓರ್ಗ್ರೀವ್. ಇಂಗ್ಲೆಂಡಿನ ದಕ್ಷಿಣ ಯಾರ್ಕ್‌ಶೈರಿನ ಕೋಕ್ (ಕಲ್ಲಿದ್ದಲಿನಿಂದ ಮಾಡುವ ಇಂಧನ) ಕಾರ್ಖಾನೆ, ಗಣಿ ಕಾರ್ಮಿಕರ ಮುಷ್ಕರದ ನಾಲ್ಕನೇ ತಿಂಗಳು, ಸುಡು ಬಿಸಿಲು. ಎರಡೂ ಕಡೆ ಸಾವಿರಾರು ಜನ. ಕಾರ್ಮಿಕರಲ್ಲಿ ಹಲವರು ಅಂಗಿ ಬಿಚ್ಚಿ ಓಡಾಡುತ್ತಿದ್ದರು. ಉದ್ದ ಗುರಾಣಿ ಹಿಡಿದ ಪೊಲೀಸರ ಸಾಲು ನಡುವೆ ತೆರೆದುಕೊಂಡಿತು, ಕುದುರೆಗಳು ಆಚೆ ಬಂದವು. ಒಂದು ಸಲ ಅಲ್ಲ, ಹಲವು ಸಲ. ಆ ದಿನದ ಒಂದು ಫೋಟೊ ಪ್ರಪಂಚ ಸುತ್ತಿದೆ: ಸವಾರನೊಬ್ಬ ಜೀನಿನಿಂದ ಬಾಗಿ ಉದ್ದ ಲಾಠಿ ಬೀಸಿದ್ದಾನೆ, ಕೆಳಗೆ ಕ್ಯಾಮೆರಾ ಹಿಡಿದ ಹೆಂಗಸೊಬ್ಬರು ಕೈ ಅಡ್ಡ ಹಿಡಿದಿದ್ದಾರೆ. ಹಿಂದಿದ್ದವರು ಎಳೆದುಕೊಂಡಿದ್ದರಿಂದ ಏಟು ತಪ್ಪಿತು. ಫೋಟೊದಲ್ಲಿ ಅದು ತಪ್ಪುವುದೇ ಇಲ್ಲ, ಅಲ್ವಾ?

ಆದರೆ ಎಡಿಟಿಂಗ್ ಟೇಬಲ್ ಮುಂದೆ ಕೂರುವವರಿಗೆ ಫೋಟೊಗಿಂತ ಆ ಸಂಜೆಯ ಟಿವಿ ಸುದ್ದಿ ಮುಖ್ಯ. ಬಿಬಿಸಿ ಸುದ್ದಿಯಲ್ಲಿ ಕಾರ್ಮಿಕರು ಕಲ್ಲು ತೂರುವ ದೃಶ್ಯ ಮೊದಲು ಬಂತು, ಕುದುರೆ ನುಗ್ಗುವ ದೃಶ್ಯ ಆಮೇಲೆ ಬಂತು. ಕಲ್ಲು ಬಿತ್ತು, ಅದಕ್ಕೆ ಕುದುರೆ ಬಿಟ್ಟರು ಎಂದು ಮನೆಯಲ್ಲಿ ಕೂತವರು ಅರ್ಥ ಮಾಡಿಕೊಂಡರು. ಕಲ್ಲು ಬಿದ್ದದ್ದು ಸುಳ್ಳಲ್ಲ, ಪ್ರಶ್ನೆ ಇದ್ದದ್ದು ಯಾವುದು ಮೊದಲು ಎಂಬುದು. ಗಲಭೆ ಮತ್ತು ಅಕ್ರಮ ಕೂಟದ ಆರೋಪ ಹೊತ್ತವರು 95 ಜನ. 1985ರಲ್ಲಿ ಮೊದಲ ತಂಡದ ವಿಚಾರಣೆಯೇ ಮುರಿದುಬಿತ್ತು, ಉಳಿದ ಕೇಸುಗಳೂ ನಿಲ್ಲಲಿಲ್ಲ. ಪೊಲೀಸರೇ ತೆಗೆಸಿದ್ದ ಫಿಲ್ಮ್ ಕೋರ್ಟಿನಲ್ಲಿ ಆರೋಪಿಗಳ ಪರ ವಕೀಲರ ಕೈಗೆ ಸಿಕ್ಕ ಒಳ್ಳೆಯ ಸಾಕ್ಷಿಯಾಯಿತು. 1991ರಲ್ಲಿ 39 ಜನರಿಗೆ 4,25,000 ಪೌಂಡ್ ಪರಿಹಾರ ಸಿಕ್ಕಿತು. ದೃಶ್ಯಗಳ ಕ್ರಮ ಅದಲುಬದಲಾಗಿತ್ತು, ಸುದ್ದಿಯ ಅವಸರದಲ್ಲಿ ಆದ ತಪ್ಪು ಅದು ಎಂದು ಬಿಬಿಸಿ ಒಪ್ಪಿಕೊಂಡದ್ದೂ ಅದೇ ವರ್ಷ. ಇಡೀ ಘಟನೆಯ ಬಗ್ಗೆ ಶಾಸನಬದ್ಧ ವಿಚಾರಣೆ ಮಾಡಿಸುತ್ತೇವೆ ಎಂದು ಅಲ್ಲಿನ ಸರ್ಕಾರ ಹೇಳಿದ್ದು 2025ರಲ್ಲಿ. 41 ವರ್ಷ. ಅವತ್ತು ಅಲ್ಲಿದ್ದ ಕುದುರೆಗಳಲ್ಲಿ ಒಂದೂ ಈಗ ಬದುಕಿಲ್ಲ, ಕಾರ್ಮಿಕರಲ್ಲೂ ಎಷ್ಟೋ ಜನ ಇಲ್ಲ.

ಅವಸರವೇ ಕಾರಣ ಎಂದು ನಂಬಲು ನನಗೇನೂ ಅಡ್ಡಿಯಿಲ್ಲ. ಸುದ್ದಿ ಕ್ಯಾಮೆರಾ ಸುರಕ್ಷಿತ ಜಾಗ ಹುಡುಕುತ್ತದೆ, ಆ ಜಾಗ ಬಹಳ ಸಲ ಪೊಲೀಸ್ ಸಾಲಿನ ಹಿಂದೆಯೇ ಇರುತ್ತದೆ. ಅಲ್ಲಿಂದ ನೋಡಿದರೆ ಕಲ್ಲು ನಮ್ಮ ಕಡೆಗೆ ಬರುತ್ತದೆ, ಕುದುರೆ ನಮ್ಮಿಂದ ಆಚೆಗೆ ಹೋಗುತ್ತದೆ. ಯಾರೂ ಸುಳ್ಳು ಹೇಳದೆಯೇ ಕಥೆ ಒಂದು ಕಡೆಗೆ ವಾಲುತ್ತದೆ.

ಮೊಬೈಲ್ ಬಂದ ಮೇಲೆ ವಾಲುವ ದಿಕ್ಕು ಬದಲಾಯಿತು. 2010ರ ನವೆಂಬರಿನಲ್ಲಿ ಕಾಲೇಜು ಶುಲ್ಕದ ವಿರುದ್ಧ ಲಂಡನ್ನಿನಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆ ನಡೆದಾಗ, ಕುದುರೆ ನುಗ್ಗಿಸಿಲ್ಲ ಎಂಬ ಹೇಳಿಕೆ ಮೊದಲು ಬಂತು, ಕುದುರೆಗಳು ಗುಂಪಿನ ಕಡೆ ಓಡುವ ಯೂಟ್ಯೂಬ್ ವಿಡಿಯೊ ಆಮೇಲೆ ಬಂತು. ಹಾಗಂತ ಹರಿದಾಡುವ ಚಿತ್ರ ಯಾವಾಗಲೂ ಸರಿ ಎಂದೂ ಅಲ್ಲ. 2021ರ ಸೆಪ್ಟೆಂಬರಿನಲ್ಲಿ ಟೆಕ್ಸಸ್‌ನ ಡೆಲ್ ರಿಯೊ ಗಡಿಯಲ್ಲಿ ಹೈಟಿಯ ವಲಸಿಗರನ್ನು ಅಟ್ಟುವ ಅಮೆರಿಕದ ಗಡಿ ಗಸ್ತು ಪಡೆಯ ಸವಾರರ ಫೋಟೊ ನೋಡಿ ಜಗತ್ತೇ ಚಾಟಿ ಏಟು ಎಂದಿತು. ಅದು ಚಾಟಿಯಲ್ಲ, ಲಗಾಮಿನ ಉದ್ದ ತುದಿ. ಲಗಾಮಿನಿಂದ ಯಾರಿಗೂ ಹೊಡೆದ ಸಾಕ್ಷ್ಯ ಸಿಗಲಿಲ್ಲ ಎಂದು 2022ರ ಇಲಾಖಾ ತನಿಖೆ ಹೇಳಿತು. ಆದರೆ ಅನಗತ್ಯ ಬಲಪ್ರಯೋಗ ಆಗಿತ್ತು, ನಡವಳಿಕೆ ಸರಿಯಿರಲಿಲ್ಲ ಎಂದೂ ಅದೇ ತನಿಖೆ ಹೇಳಿತು. ಒಂದು ಕಡೆಯವರು ಮೊದಲ ವಾಕ್ಯ ಹಿಡಿದುಕೊಂಡರು, ಇನ್ನೊಂದು ಕಡೆಯವರು ಎರಡನೆಯದನ್ನು.

ಇಷ್ಟೆಲ್ಲದರ ನಡುವೆ ಕುದುರೆ ಪೊಲೀಸರ ಪರ ಒಂದು ಗಟ್ಟಿ ವಾದವೂ ಇದೆ. 2014ರಲ್ಲಿ ಬ್ರಿಟನ್ನಿನಲ್ಲಿ ರ್‍ಯಾಂಡ್ ಯುರೋಪ್ ಮತ್ತು ಆಕ್ಸ್‌ಫರ್ಡ್ ಸಂಶೋಧಕರು ನಡೆಸಿದ ಅಧ್ಯಯನದ ಪ್ರಕಾರ, ನಡೆದು ಗಸ್ತು ತಿರುಗುವ ಪೊಲೀಸರಿಗಿಂತ ಕುದುರೆ ಮೇಲಿನವರನ್ನು ಜನ ಆರು ಪಟ್ಟು ಜಾಸ್ತಿ ಮಾತಾಡಿಸುತ್ತಾರೆ. ಸಹಜವೇ. ಪೊಲೀಸರನ್ನು ಮಾತಾಡಿಸಲು ನೆಪ ಬೇಕು, ಕುದುರೆ ಒಳ್ಳೆಯ ನೆಪ. ಆದರೂ ದುಡ್ಡಿನ ಪ್ರಶ್ನೆ ಬಂದಾಗ ಮೊದಲು ಕತ್ತರಿ ಬೀಳುವುದು ಲಾಯಕ್ಕೇ. ಅಮೆರಿಕದ ಬಾಸ್ಟನ್ 2009ರಲ್ಲಿ, ಪೋರ್ಟ್‌ಲ್ಯಾಂಡ್ 2017ರಲ್ಲಿ ತಮ್ಮ ದಳಗಳನ್ನು ಮುಚ್ಚಿದವು. ನ್ಯೂಯಾರ್ಕಿನಲ್ಲಿ ಒಂದು ಕಾಲಕ್ಕೆ ನೂರಾರು ಇದ್ದ ಕುದುರೆಗಳು ಈಗ ಕೆಲವು ಡಜನ್‌ಗೆ ಇಳಿದಿವೆ.

ಗೊಂದಲದ ಗಂಟು ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಮಕ್ಕಳು ಮೂಗು ಸವರುವ ಕುದುರೆ ಮತ್ತು ಗುಂಪಿನೊಳಗೆ ನುಗ್ಗುವ ಕುದುರೆ ಬೇರೆ ಬೇರೆ ಅಲ್ಲ. ಒಂದೇ ಲಾಯ, ಒಂದೇ ಸವಾರ, ಎಷ್ಟೋ ಸಲ ಒಂದೇ ವಾರ. ದಳ ಉಳಿಸಿ ಎಂದು ಕೇಳುವಾಗ ಮೊದಲನೆಯದನ್ನು ತೋರಿಸುತ್ತಾರೆ, ದಳ ಮುಚ್ಚಿ ಎನ್ನುವವರು ಎರಡನೆಯದನ್ನು ತೋರಿಸುತ್ತಾರೆ. ಎರಡನ್ನೂ ಒಂದೇ ಸಿನಿಮಾದಲ್ಲಿ ತೋರಿಸುವವರು ಕಡಿಮೆ.

ಅದಕ್ಕೇ ವಿದ್ಯಾರ್ಥಿ ತಂಡ ಕೇಳಬೇಕಾದ್ದು ಮೆರವಣಿಗೆಯ ದಿನವಲ್ಲ, ತರಬೇತಿಯ ದಿನ. ಕುದುರೆ ಹುಟ್ಟಿನಿಂದ ಹೆದರಿ ಓಡುವ ಪ್ರಾಣಿ. ತರಬೇತಿಯಲ್ಲಿ ಅದರ ಮುಂದೆ ಬಾವುಟ ಬೀಸುತ್ತಾರೆ, ಹೊಗೆ ಬಿಡುತ್ತಾರೆ, ಪಟಾಕಿ ಹಚ್ಚುತ್ತಾರೆ, ಟಾರ್ಪಾಲಿನ ಮೇಲೆ ನಡೆಸುತ್ತಾರೆ, ಖಾಲಿ ಬಾಟಲಿ ಎಸೆಯುತ್ತಾರೆ. ಪಕ್ಕದಲ್ಲಿ ಒಂದು ಅನುಭವಸ್ಥ ಕುದುರೆ ನಿಂತಿದ್ದರೆ ಹೊಸದು ಅದನ್ನು ನೋಡಿ ನಿಲ್ಲುತ್ತದೆ. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಕೆಲವು ಕುದುರೆಗಳು ಎಷ್ಟು ಮಾಡಿದರೂ ಒಗ್ಗುವುದಿಲ್ಲ, ವಾಪಸ್ ಹೋಗುತ್ತವೆ. ಓಡಬೇಕು ಎಂಬ ಅದರ ಬುದ್ಧಿ ಎಲ್ಲಿಗೂ ಹೋಗಿರುವುದಿಲ್ಲ, ಅದುಮಿಟ್ಟಿರುತ್ತಾರೆ ಅಷ್ಟೇ. ಕಿವಿ ನೋಡಿ. ಕಣ್ಣು ಎದುರಿಗೇ ಇದ್ದರೂ ಕಿವಿ ಸದ್ದಿನ ಕಡೆ ತಿರುಗಿರುತ್ತದೆ, ಹಿಂದಕ್ಕೆ ಒತ್ತಿಕೊಂಡರೆ ಅದಕ್ಕೆ ಸಿಟ್ಟು ಬಂದಿದೆ ಎಂದರ್ಥ. ಸಂದರ್ಶನದಲ್ಲಿ ಅಧಿಕಾರಿ ಹೇಳದ್ದನ್ನು ಕಿವಿಯ ಒಂದು ಕ್ಲೋಸಪ್ ಹೇಳುತ್ತದೆ.

ಶೂಟಿಂಗಿಗೆ ಹೋಗುವ ಮುಂಚೆ ಒಂದೆರಡು ವಿಷಯ ಗೊತ್ತಿರಲಿ. ಕುದುರೆಗೆ ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ, ಆದರೆ ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಕಾಣುವುದಿಲ್ಲ, ಹಾಗಾಗಿ ಕ್ಯಾಮೆರಾ ಹಿಡಿದು ಭುಜದ ಕಡೆಯಿಂದ, ಮಾತಾಡುತ್ತಾ ಹೋಗಿ. ಬೂಮ್ ಮೈಕಿಗೆ ಹಾಕುವ ರೋಮದ ಹೊದಿಕೆ ಅದಕ್ಕೆ ಯಾವುದೋ ಪ್ರಾಣಿಯಂತೆ ಕಾಣಬಹುದು, ಮೊದಲು ಮೂಸಲು ಬಿಡಿ. ಡ್ರೋನ್ ಬೇಡವೇ ಬೇಡ. ಜೀನಿನ ಮೇಲೆ ಒಂದು ಚಿಕ್ಕ ಕ್ಯಾಮೆರಾ, ನೆಲದ ಮೇಲೆ ನಿಂತವರ ಎದೆಮಟ್ಟದಲ್ಲಿ ಇನ್ನೊಂದು, ಎರಡೂ ಒಂದೇ ಹೊತ್ತಿಗೆ ಓಡಲಿ. ಮತ್ತೆ ಎರಡರ ಗಡಿಯಾರವೂ ಸರಿಹೊಂದಿರಲಿ. ಓರ್ಗ್ರೀವ್ ಕಥೆ ಓದಿದವರಿಗೆ ಕಾರಣ ಬೇರೆ ಹೇಳಬೇಕಿಲ್ಲ.

ಲಾಯದ ಡ್ಯೂಟಿ ಪುಸ್ತಕವನ್ನು ಕೇಳಿ ನೋಡಿ. ವರ್ಷದಲ್ಲಿ ಗಸ್ತಿಗೆ ಎಷ್ಟು ಗಂಟೆ, ಮೆರವಣಿಗೆಗೆ ಎಷ್ಟು, ಗುಂಪು ನಿಯಂತ್ರಣಕ್ಕೆ ಎಷ್ಟು ಎಂಬುದು ಅದರಲ್ಲಿ ಇರುತ್ತದೆ. ತೆರೆಯ ಮೇಲೆ ಅದಕ್ಕೇನೂ ಅಂದವಿಲ್ಲ, ಆದರೆ ಎರಡೂ ಕಡೆಯವರ ವಿಡಿಯೊಗಳಿಗಿಂತ ಅದು ಜಾಸ್ತಿ ಹೇಳುತ್ತದೆ. ಕೊಡಲ್ಲ ಎಂದರೆ ಕೊಡಲಿಲ್ಲ ಎಂಬುದನ್ನೇ ಸಿನಿಮಾದಲ್ಲಿ ಹಾಕಿ. ಇಲಾಖೆ ಅನುಮತಿ ಕೊಡುವಾಗ, ಎಡಿಟ್ ಆದ ಮೇಲೆ ನಮಗೊಂದು ಸಲ ತೋರಿಸಿ ಎಂಬ ಷರತ್ತು ಸಣ್ಣ ಅಕ್ಷರದಲ್ಲಿ ಇದ್ದರೂ ಇರಬಹುದು. ಆ ಮಾತನ್ನು ಶೂಟಿಂಗ್ ಶುರುವಾಗುವ ಮುಂಚೆಯೇ ಬರವಣಿಗೆಯಲ್ಲಿ ಬಗೆಹರಿಸಿಕೊಳ್ಳಿ, ಆಮೇಲೆ ಎತ್ತಿದರೆ ಅಷ್ಟೂ ಫುಟೇಜ್ ಅವರ ಒಂದು ಸಹಿಗಾಗಿ ಕಾಯುತ್ತಾ ಕೂರುತ್ತದೆ.