ಚಾಕು ಯಾರ ಕೈಯಿಂದ ಬಂತು?

ಕಳೆದ ಮಳೆಗಾಲದಲ್ಲಿ ನಮ್ಮ ನಾಟಕ ತಂಡದ ಹುಡುಗನೊಬ್ಬ ತಾಲೀಮಿಗೆ ಮನೆಯಿಂದ ನಿಜವಾದ ಬಾಕು ತಂದಿದ್ದ. ಅಜ್ಜನ ಕಾಲದ್ದು, ಹಿಡಿಗೆ ಹಿತ್ತಾಳೆ ಕೆಲಸ. "ಅಕ್ಕಾ, ನಮ್ಮ ಮರದ ಚಾಕು ಲೈಟಿಗೆ ಹೊಳೆಯೋದೇ ಇಲ್ಲ, ಇದು ನೋಡಿ" ಅಂದ. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ತಾಲೀಮು ಮುಗಿದ ಮೇಲೆ ಅವನ ಅಮ್ಮನ ಕೈಗೇ ಕೊಟ್ಟು ಬಂದೆ. ಅವನಿಗೆ ಬೇಜಾರಾಯಿತು. ಮರುದಿನ ಅವನನ್ನು ಕೂರಿಸಿಕೊಂಡು ಟೆಂಪಲ್ ಕ್ರೋಜಿಯರ್ ಎಂಬ ನಟನ ಕಥೆ ಹೇಳಿದೆ.

1896ರ ಆಗಸ್ಟ್ 10, ಲಂಡನ್ನಿನ ನಾವೆಲ್ಟಿ ಥಿಯೇಟರ್. ಅಲ್ಲಿ ಒಂದು ನಾಟಕದ ಮೊದಲ ರಾತ್ರಿ. ಕ್ರೋಜಿಯರ್‌ಗೆ 24 ವರ್ಷ, ಖಳನ ಪಾತ್ರ. ಕೊನೆಯ ದೃಶ್ಯದಲ್ಲಿ ಅವನಿಗೆ ಇರಿಯಬೇಕಾದವನು ವಿಲ್ಫ್ರೆಡ್ ಫ್ರಾಂಕ್ಸ್ ಎಂಬ ನಟ. ಫ್ರಾಂಕ್ಸ್ ನಾಟಕದ ಚಾಕು ಬಿಟ್ಟು ತನ್ನದೇ ಚೂಪಾದ ಬಾಕು ಹಿಡಿದು ರಂಗಕ್ಕೆ ಬಂದಿದ್ದ. ಹಿಡಿಗೆ ಹರಳು ಕೂರಿಸಿದ್ದ ಚೆಂದದ ವಸ್ತು. ಅದು ಕ್ರೋಜಿಯರ್‌ನ ಎದೆಗೆ ಹೊಕ್ಕಿತು. ಅವನು ಉಳಿಯಲಿಲ್ಲ. ಇದು ಆಕಸ್ಮಿಕ ಸಾವು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು.

ಕಥೆ ಕೇಳಿ ಹುಡುಗ ಸುಮ್ಮನಾದ. ನಾನು ಇಪ್ಪತ್ತೆರಡು ವರ್ಷದಿಂದ ರಂಗದ ಹಿಂದೆ ಕೆಲಸ ಮಾಡುತ್ತಿದ್ದೇನೆ. ಪ್ರಾಪರ್ಟಿ ಅಂದರೆ ನಾಟಕದಲ್ಲಿ ಬಳಸುವ ವಸ್ತುಗಳನ್ನು ನೋಡಿಕೊಳ್ಳುವುದು, ನಟರನ್ನು ಸಮಯಕ್ಕೆ ರಂಗದ ಪಕ್ಕದ ಸೈಡ್ ವಿಂಗ್‌ಗೆ ತಂದು ನಿಲ್ಲಿಸುವುದು, ಕೊನೆಯಲ್ಲಿ ಎಲ್ಲರೂ ಕ್ಷೇಮವಾಗಿ ಮನೆಗೆ ಹೋದರಾ ಅಂತ ನೋಡುವುದು. ಕ್ರೋಜಿಯರ್‌ನ ಸಾವು ನನ್ನನ್ನು ಇವತ್ತಿಗೂ ಕಾಡುತ್ತದೆ.

ಈಗ ಈ ವಿಷಯ ಬರೆಯಲು ಕಾರಣ ಬೇರೆ. ಪರಿಚಯದ ಹುಡುಗಿಯೊಬ್ಬಳು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದಾಳೆ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್, ನಾಟಕ ಕಂಪನಿಯಲ್ಲಿ ಒಂದು ಕೊಲೆ, ಅದನ್ನು ಬಿಡಿಸುವ ಹೆಂಗಸು. ಅವಳು ನನ್ನ ಹತ್ತಿರ ವಿಷ ಬೆರೆಸಿದ ಬಣ್ಣದ ಬಗ್ಗೆ, ನೆಲದ ಕಳ್ಳಬಾಗಿಲಿನ ಬಗ್ಗೆ, ಮೇಲಿಂದ ಬೀಳುವ ಮರಳಿನ ಚೀಲದ ಬಗ್ಗೆ ಕೇಳಿದಳು. ಆ ಕಾಲದ ರಂಗದ ಮೇಲೆ ಸಾಯಲು ಕೊಲೆಗಾರನೇ ಬೇಕಿರಲಿಲ್ಲ ಅಂತ ಮೊದಲು ಹೇಳಿದೆ. ಗ್ಯಾಸ್ ದೀಪಗಳು ಕಾಲ ಬುಡದಲ್ಲೇ ಉರಿಯುತ್ತಿದ್ದವು. 1844ರಲ್ಲಿ ಡ್ರೂರಿ ಲೇನ್ ಥಿಯೇಟರಿನಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿಯ ತೆಳು ಬಟ್ಟೆಗೆ ಬೆಂಕಿ ಹತ್ತಿ ಅವಳು ತೀರಿಹೋದಳು. 1887ರಲ್ಲಿ ಎಕ್ಸೆಟರ್ ಊರಿನ ಥಿಯೇಟರ್ ಹೊತ್ತಿಕೊಂಡಾಗ 180ಕ್ಕೂ ಹೆಚ್ಚು ಜನ ಸತ್ತರು. 1881ರಲ್ಲಿ ಸವಾಯ್ ಥಿಯೇಟರ್ ವಿದ್ಯುತ್ ದೀಪ ಹಾಕಿಸಿದಾಗ ಒಳಗಿನವರು ಎಷ್ಟು ನಿರಾಳವಾಗಿರಬೇಕು, ಅಲ್ವಾ? ಇಂಥ ಜಾಗದಲ್ಲಿ ಪತ್ತೇದಾರಿಣಿಗೆ ಎದುರಾಗುವ ಮೊದಲ ಕಷ್ಟ ಕೊಲೆಗಾರ ಯಾರು ಅನ್ನುವುದಲ್ಲ. ಇದು ಕೊಲೆಯಾ, ಆಕಸ್ಮಿಕವಾ ಅನ್ನುವುದು.

ಅದಕ್ಕೆ ಉತ್ತರ ಪ್ರಾಪರ್ಟಿ ಟೇಬಲ್ ಹತ್ತಿರ ಸಿಗುತ್ತದೆ. ನಾನು ಮಾಡುವುದು ಹೀಗೆ. ಮೇಜಿನ ಮೇಲೆ ದಪ್ಪ ಬಿಳಿ ಕಾಗದ ಹಾಸುತ್ತೇನೆ. ಪ್ರತಿ ವಸ್ತುವಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಪಾತ್ರದ ಹೆಸರು ಬರೆಯುತ್ತೇನೆ. ಲೋಟ, ಪತ್ರ, ಕನ್ನಡಕ. ಕತ್ತಲಲ್ಲಿ ಕಣ್ಣಾಡಿಸಿದರೆ ಸಾಕು, ಯಾವ ಗೆರೆಯೊಳಗೆ ಖಾಲಿ ಇದೆ ಅಂತ ಗೊತ್ತಾಗುತ್ತದೆ. ಆದರೆ ಆಯುಧಗಳನ್ನು ಆ ಮೇಜಿನ ಮೇಲೆ ಇಡುವುದಿಲ್ಲ. ಚಾಕು, ಕತ್ತಿ ಒಬ್ಬರ ವಶದಲ್ಲೇ ಇರಬೇಕು. ಆಟ ಶುರುವಾಗುವ ಮೊದಲು ಇರಿಯುವವನನ್ನೂ ಇರಿತಕ್ಕೆ ಒಳಗಾಗುವವನನ್ನೂ ಒಟ್ಟಿಗೆ ನಿಲ್ಲಿಸಿ, ಚಾಕುವಿನ ತುದಿಯನ್ನು ನನ್ನ ಅಂಗೈಗೆ ಒತ್ತಿ ತೋರಿಸುತ್ತೇನೆ. ದೃಶ್ಯ ಬಂದಾಗ ನಾನೇ ಕೈಗೆ ಕೊಡುತ್ತೇನೆ, ಮುಗಿದ ತಕ್ಷಣ ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ. ನಡುವೆ ಮೂರನೆಯ ಕೈ ಬರಬಾರದು.

ಹಾಗಾಗಿ ನಾವೆಲ್ಟಿಯ ಆ ರಾತ್ರಿ ನಾನಿದ್ದಿದ್ದರೆ ಕೇಳುತ್ತಿದ್ದ ಮೊದಲ ಪ್ರಶ್ನೆ, ಈ ಚಾಕು ಯಾರ ಕೈಯಿಂದ ಬಂತು? ನಾಟಕದ ಚಾಕು ಆಗ ಎಲ್ಲಿತ್ತು? ತಾಲೀಮಿನಲ್ಲಿ ಯಾವುದನ್ನು ಹಿಡಿದಿದ್ದರು? ನಟ ಸ್ವಂತ ಬಾಕು ತಂದದ್ದನ್ನು ನೋಡಿದವರು ಯಾಕೆ ಸುಮ್ಮನಿದ್ದರು? ಫ್ರಾಂಕ್ಸ್ ಮೇಲೆ ನನಗೆ ಅನುಮಾನವಿಲ್ಲ, ಅವನ ಬಗ್ಗೆ ಮರುಕವೇ ಜಾಸ್ತಿ. ಮೊದಲ ರಾತ್ರಿ ನಟನ ಕೈಗೆ ಎಲ್ಲಿಲ್ಲದ ಬಿರುಸು ಬರುತ್ತದೆ. ತಾಲೀಮಿನಲ್ಲಿ ಒಂದು ಗೇಣು ದೂರ ನಿಂತ ಕೈ ಅವತ್ತು ನಿಲ್ಲುವುದಿಲ್ಲ. ಅದು ಗೊತ್ತಿದ್ದೇ ನಾವು ಮೊಂಡು ಚಾಕು ಕೊಡುವುದು.

ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವವರು ಯಾರು? ಬಟ್ಟೆ ತೊಡಿಸುವ ಹೆಂಗಸರು, ಹೊಲಿಗೆಯವರು, ಹೆಸರು ಕೂಗಿ ನಟರನ್ನು ಕರೆಯುವ ಹುಡುಗ, ಬಾಗಿಲು ಕಾಯುವವನು. ನಟಿಯ ಬೆನ್ನಿನ ಲಾಡಿ ಕಟ್ಟುವಾಗ ಅವಳ ಕೈ ನಡುಗುತ್ತಿದೆಯಾ ಅಂತ ಗೊತ್ತಾಗುವುದು ಕಟ್ಟುವವಳಿಗೆ ಮಾತ್ರ. ಪೊಲೀಸರು ಬಂದರೆ ಮ್ಯಾನೇಜರ್ ಜೊತೆ ಮಾತಾಡುತ್ತಾರೆ. ಹೆಂಗಸರ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು, ಕೈಗೆ ಸೂಜಿ ದಾರ ತೆಗೆದುಕೊಂಡು ಮಾತಿಗಿಳಿಯಲು ಅವರಿಗೆ ಆಗುವುದಿಲ್ಲ. ಪತ್ತೇದಾರಿಣಿಗೆ ಆಗುತ್ತದೆ.

ಅಂಥವಳು ಆಗ ನಿಜವಾಗಿ ಇದ್ದಳಾ ಅಂತ ಹುಡುಗಿ ಕೇಳಿದಳು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆ ಹೆಂಗಸರನ್ನು ಸೇರಿಸಿಕೊಂಡದ್ದು 1919ರಲ್ಲಿ. ಅಮೆರಿಕದಲ್ಲಿ ಕೇಟ್ ವಾರ್ನ್ 1856ರಲ್ಲೇ ಪಿಂಕರ್ಟನ್ ಸಂಸ್ಥೆಗೆ ಪತ್ತೇದಾರಿಣಿಯಾಗಿ ಸೇರಿದ್ದಳು. ಇಂಗ್ಲೆಂಡಿನಲ್ಲಿ 1857ರ ವಿಚ್ಛೇದನ ಕಾಯ್ದೆ ಬಂದ ಮೇಲೆ ಖಾಸಗಿ ಪತ್ತೇದಾರರಿಗೆ ಕೆಲಸ ಹೆಚ್ಚಿತು, ಅವರಿಗೆ ಹೆಂಗಸರೂ ಬೇಕಾದರು. ಗಂಡ ಯಾರ ಮನೆಗೆ ಹೋಗುತ್ತಾನೆ, ಯಾವ ಹೋಟೆಲಿನಲ್ಲಿ ಇಳಿಯುತ್ತಾನೆ, ಇಂಥದ್ದೇ ಕೆಲಸ. ಕೊಲೆ ಪ್ರಕರಣ ಅವರ ಹತ್ತಿರ ಬರುತ್ತಿದ್ದದ್ದು ಕಥೆಗಳಲ್ಲೇ ಜಾಸ್ತಿ. ಮುಂದೆ ಸ್ವಂತ ಪತ್ತೇದಾರಿ ಕಚೇರಿ ನಡೆಸಿದ ಕೇಟ್ ಈಸ್ಟನ್ ಮೊದಲು ನಟಿಯಾಗಿದ್ದವಳು. ಇದು ನನಗೆ ತುಂಬಾ ಖುಷಿ ಕೊಟ್ಟ ವಿಷಯ. ವೇಷ, ದನಿ, ಗಂಟೆಗಟ್ಟಲೆ ಕಾಯುವ ತಾಳ್ಮೆ, ಎಲ್ಲ ರಂಗದಲ್ಲೇ ಕಲಿತದ್ದಲ್ಲವೇ.

ಇನ್ನು ನಿಜವಾದ ಕೊಲೆಯ ವಿಷಯ. ಕ್ರೋಜಿಯರ್ ಸತ್ತು ಹದಿನಾರು ತಿಂಗಳಿಗೆ, 1897ರ ಡಿಸೆಂಬರ್ 16ರ ಗುರುವಾರ, ವಿಲಿಯಂ ಟೆರಿಸ್ ಎಂಬ ದೊಡ್ಡ ನಟ ಸ್ಟ್ರ್ಯಾಂಡ್ ರಸ್ತೆಯ ಅಡೆಲ್ಫಿ ಥಿಯೇಟರಿಗೆ ಬಂದ. ಸಂಜೆ ಏಳು ದಾಟಿತ್ತು. ಹಿಂದಿನ ಮೇಡನ್ ಲೇನ್ ಓಣಿಯಲ್ಲಿ ಒಂದು ಖಾಸಗಿ ಬಾಗಿಲಿತ್ತು, ಅದರ ಕೀಲಿ ಟೆರಿಸ್ ಹತ್ತಿರ ಇರುತ್ತಿತ್ತು. ಅವನು ಬೀಗ ತೆಗೆಯುತ್ತಿದ್ದಾಗ ರಿಚರ್ಡ್ ಆರ್ಚರ್ ಪ್ರಿನ್ಸ್ ಎಂಬವನು ಹಿಂದಿನಿಂದ ಬಂದು ಇರಿದ. ಟೆರಿಸ್ ತಿರುಗಿದಾಗ ಎದೆಗೂ ಇರಿದ. ಪ್ರಿನ್ಸ್ ಓಡಲಿಲ್ಲ. ಟೆರಿಸ್‌ನ ಜೊತೆ ನಾಯಕಿಯಾಗಿ ಆಡುತ್ತಿದ್ದ ಜೆಸ್ಸಿ ಮಿಲ್‌ವರ್ಡ್ ಒಳಗಿನಿಂದ ಓಡಿಬಂದಳು. ಬಾಗಿಲ ಹತ್ತಿರವೇ ಅವಳ ತೋಳಿನಲ್ಲಿ ಟೆರಿಸ್ ಪ್ರಾಣ ಬಿಟ್ಟ. ಜನ ಟಿಕೆಟ್ ತೆಗೆದು ಕಾಯುತ್ತಿದ್ದರು, ಅವರನ್ನು ಮನೆಗೆ ಕಳಿಸಬೇಕಾಯಿತು.

ಕೊಲೆಗಾರ ಸ್ಥಳದಲ್ಲೇ ಸಿಕ್ಕ ಕೇಸಿನಲ್ಲಿ ಪತ್ತೇದಾರಿಣಿಗೆ ಏನು ಕೆಲಸ ಅಂತ ನಮ್ಮ ಹುಡುಗಿ ಕೇಳಿದಳು. ನಾನು ಅವಳಿಗೆ ಆ ವಾರವನ್ನು ಹಿಂದಕ್ಕೆ ಓದು ಅಂದೆ. ಪ್ರಿನ್ಸ್ ಸಣ್ಣ ಪುಟ್ಟ ಪಾತ್ರ ಮಾಡುತ್ತಿದ್ದ ನಟ. ಒಂದು ಕಾಲದಲ್ಲಿ ಅಡೆಲ್ಫಿಯಲ್ಲೇ ಇದ್ದವನು. ಕೆಲಸ ಹೋಗಿತ್ತು, ತಲೆ ಕೆಟ್ಟಿತ್ತು. ಜೊತೆಗಿದ್ದವರು ಅವನನ್ನು ಹುಚ್ಚ ಆರ್ಚರ್ ಎಂದೇ ಕರೆಯುತ್ತಿದ್ದರು. ಟೆರಿಸ್ ಅವನಿಗೆ ಹಣದ ಸಹಾಯ ಮಾಡಿದ್ದ. ಆದರೂ ತನ್ನ ಗತಿಗೆಲ್ಲ ಟೆರಿಸ್ಸೇ ಕಾರಣ ಎಂದು ಪ್ರಿನ್ಸ್ ನಂಬಿದ್ದ. ಬಟ್ಟೆ ಅಡವಿಟ್ಟು, ಬ್ರೆಡ್ಡು ಹಾಲಿನಲ್ಲಿ ದಿನ ದೂಡುತ್ತಿದ್ದ. ಸೋಮವಾರ ಪಕ್ಕದ ವಾಡ್‌ವಿಲ್ ಥಿಯೇಟರಿನಲ್ಲಿ ಗಲಾಟೆ ಮಾಡಿದ, ಅಲ್ಲಿಂದ ಹೊರಗೆ ಹಾಕಿದರು. ಗುರುವಾರ ನಟರ ಸಹಾಯ ನಿಧಿಯವರು ಇನ್ನು ಹಣ ಕೊಡಲಾಗದು ಅಂದರು. ಅದೇ ಸಂಜೆ ಅವನು ಓಣಿಯಲ್ಲಿ ಕಾದು ನಿಂತ.

ಪ್ರತಿಯೊಬ್ಬರ ಹತ್ತಿರವೂ ಒಂದೊಂದು ತುಂಡು ಇತ್ತು. ಬಾಡಿಗೆ ಮನೆಯ ಒಡತಿಗೆ ಅವನು ಊಟವಿಲ್ಲದೆ ಸೊರಗುವುದು ಕಾಣುತ್ತಿತ್ತು. ನಿಧಿಯ ಕಚೇರಿಯವರಿಗೆ ಅವನ ಅರ್ಜಿಗಳು ಗೊತ್ತು. ವಾಡ್‌ವಿಲ್‌ನವರಿಗೆ ಅವನ ಕೂಗಾಟ ಗೊತ್ತು. ಇವರೆಲ್ಲರ ಮಾತು ಒಂದು ಕಡೆ ಸೇರಲೇ ಇಲ್ಲ. ಆ ಖಾಸಗಿ ಬಾಗಿಲನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ನಟರೆಲ್ಲ ಒಳಗೆ ಬರುವ ಬಾಗಿಲಿನಲ್ಲಿ ಕಾವಲುಗಾರ ಇರುತ್ತಾನೆ. ಈ ಬಾಗಿಲಿನಲ್ಲಿ ಬೀಗ ಮಾತ್ರ ಇತ್ತು. ಅಭಿಮಾನಿಗಳ ನೂಕುನುಗ್ಗಲು ಬೇಡ ಅನ್ನುವ ದೊಡ್ಡ ನಟನಿಗೆ ಅದು ಅನುಕೂಲ. ಆದರೆ ಕತ್ತಲಲ್ಲಿ ಬಾಗಿಲ ಕಡೆ ಮುಖ ಮಾಡಿ, ಓಣಿಗೆ ಬೆನ್ನು ಕೊಟ್ಟು ನಿಲ್ಲಬೇಕು.

1898ರ ಜನವರಿಯಲ್ಲಿ ವಿಚಾರಣೆ ನಡೆಯಿತು. ತಪ್ಪಿತಸ್ಥ, ಆದರೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎಂದು ತೀರ್ಪು ಬಂತು. ಪ್ರಿನ್ಸ್‌ನನ್ನು ಬ್ರಾಡ್‌ಮೂರ್ ಎಂಬ ಮಾನಸಿಕ ಆಸ್ಪತ್ರೆಗೆ ಕಳಿಸಿದರು, ಸಾಯುವವರೆಗೂ ಅಲ್ಲೇ ಇದ್ದ. ಸತ್ತವನು ನಟ ಅಂತಲೇ ಕೊಂದವನಿಗೆ ಗಲ್ಲಾಗಲಿಲ್ಲ ಎಂದು ಆ ಕಾಲದ ಹೆಸರಾಂತ ನಟ ಹೆನ್ರಿ ಇರ್ವಿಂಗ್ ನೊಂದುಕೊಂಡು ಹೇಳಿದರಂತೆ. ತೀರ್ಪು ಸರಿಯೇ ಇತ್ತು ಎಂದು ನನಗನ್ನಿಸುತ್ತದೆ. ಆದರೆ ಇರ್ವಿಂಗ್ ಅವರ ನೋವು ಅರ್ಥವಾಗುತ್ತದೆ. ನಾಟಕದವರನ್ನು ಊರು ಚಪ್ಪಾಳೆಗೆ ಮಾತ್ರ ಕರೆಯುತ್ತಿದ್ದ ಕಾಲ ಅದು. ಟೆರಿಸ್‌ಗೆ ಹೆಂಡತಿ ಮಕ್ಕಳಿದ್ದರು. ಮಿಲ್‌ವರ್ಡ್ ಅವನ ಆಪ್ತಳು, ಆದರೆ ಹೆಂಡತಿಯಲ್ಲ, ಶವಸಂಸ್ಕಾರದ ದಿನ ಅವಳು ಎಲ್ಲಿ ನಿಲ್ಲಬೇಕು? ಇರ್ವಿಂಗ್ ಅವಳಿಗೆ ತೋಳು ಕೊಟ್ಟು ಜೊತೆಗೆ ಕರೆದುಕೊಂಡು ಹೋದರು. ಇಡೀ ಪ್ರಕರಣದಲ್ಲಿ ನನ್ನ ಕಣ್ಣು ಒದ್ದೆಯಾಗುವುದು ಇಲ್ಲಿ. ಜನರಿಗೆ ಮಾತ್ರ ಕೋವೆಂಟ್ ಗಾರ್ಡನ್ ರೈಲು ನಿಲ್ದಾಣದಲ್ಲಿ ಟೆರಿಸ್‌ನ ದೆವ್ವ ಓಡಾಡುತ್ತದೆ ಎಂಬ ಕಥೆಯೇ ಇಷ್ಟ.

"ಕೊಲೆಯಾದ ಗುರುವಾರದಿಂದ ಶುರು ಮಾಡಬೇಡ, ಸೋಮವಾರದಿಂದ ಶುರು ಮಾಡು" ಅಂತ ಹುಡುಗಿಗೆ ಹೇಳಿದೆ. ನಾನೂ ಈಗ ಆಟದ ದಿನ ಸಂಜೆ ಹಿಂದಿನ ಗೇಟಿಗೆ ಹೋಗಿ, "ಅಣ್ಣಾ, ಈ ವಾರ ಯಾರಾದರೂ ಬಂದು ನಮ್ಮವರನ್ನ ಕೇಳಿದ್ರಾ?" ಅಂತ ಕೇಳಿಕೊಂಡೇ ಒಳಗೆ ಬರುತ್ತೇನೆ. ಮೊನ್ನೆ ಅವಳು ಮೊದಲ ಅಧ್ಯಾಯ ಕಳಿಸಿದಳು. ಸೋಮವಾರ ರಾತ್ರಿ, ಬಾಡಿಗೆ ಮನೆಯ ಒಡತಿ ಕೈಯಲ್ಲಿ ಹಾಲಿನ ಲೋಟ ಹಿಡಿದು ಮೇಲಿನ ಕೋಣೆಯ ಬಾಗಿಲು ತಟ್ಟುತ್ತಿದ್ದಾಳೆ.