ಜೋರ್ಡನ್ ರೂಪ ಇರುವಾಗ ಇನ್ನೊಂದು ರೂಪ ಯಾಕೆ?

ಪ್ರಶ್ನೆ: ಮ್ಯಾಟ್ರಿಕ್ಸ್ ಒಂದು ಪ್ಯಾರಾಮೀಟರ್ ಜೊತೆ ನಯವಾಗಿ ಬದಲಾಗುತ್ತಿದ್ದರೆ, ಅದರ ಜೋರ್ಡನ್ ರೂಪವೂ (ಬೇಸಿಸ್, ಅಂದರೆ ಅಕ್ಷಗಳನ್ನು ಬದಲಿಸಿ ಮ್ಯಾಟ್ರಿಕ್ಸನ್ನು ಆದಷ್ಟು ಸರಳ ಮಾಡಿ ಬರೆದ ರೂಪ) ನಯವಾಗಿಯೇ ಬದಲಾಗಬೇಕು ಅಲ್ವಾ?

ಉತ್ತರ: ಹಾಗೆ ಅನಿಸುವುದು ಸಹಜ. ಆದರೆ ಅದು ನಯವಾಗಿ ಬದಲಾಗುವುದಿಲ್ಲ.

ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನು ನೋಡಿ. ಸ್ಪ್ರಿಂಗ್ ಎಳೆಯುತ್ತದೆ, ಒಳಗಿನ ಎಣ್ಣೆ ತಡೆಯುತ್ತದೆ. ಬಾಗಿಲು ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬ ಎರಡು ಸಂಖ್ಯೆ ಇಟ್ಟುಕೊಂಡರೆ ಅದರ ಚಲನೆ ಒಂದು 2×2 ಮ್ಯಾಟ್ರಿಕ್ಸ್. ಮೇಲಿನ ಸಾಲು 0, 1. ಸ್ಪ್ರಿಂಗಿನ ಬಲ 1, ಎಣ್ಣೆಯ ತಡೆ ‘ತ’ ಎಂದುಕೊಂಡರೆ ಕೆಳಗಿನ ಸಾಲು −1, −ತ.

ಮ್ಯಾಟ್ರಿಕ್ಸ್ ಯಾವ ವೆಕ್ಟರನ್ನು ಅದೇ ರೇಖೆಯಲ್ಲಿಟ್ಟು ಬರೀ ಒಂದು ಸಂಖ್ಯೆಯಿಂದ ಗುಣಿಸುತ್ತದೋ ಅದು ಐಗನ್ ವೆಕ್ಟರ್, ಆ ಸಂಖ್ಯೆ ಐಗನ್ ಮೌಲ್ಯ. ತ = 2 ಆದಾಗ ಎರಡೂ ಐಗನ್ ಮೌಲ್ಯ −1. ಐಗನ್ ವೆಕ್ಟರಿನ ದಿಕ್ಕು ಮಾತ್ರ ಒಂದೇ. ಹಾಗಾಗಿ ಜೋರ್ಡನ್ ರೂಪದಲ್ಲಿ ಕರ್ಣದಲ್ಲಿ ಐಗನ್ ಮೌಲ್ಯಗಳು, ಕರ್ಣದ ಮೇಲ್ಗಡೆ ಒಂದು 1 ಕೂರುತ್ತದೆ. ಈಗ ತಡೆಯನ್ನು 2.01 ಮಾಡಿ. ಐಗನ್ ಮೌಲ್ಯಗಳು ಸುಮಾರು −0.905 ಮತ್ತು −1.105. ಆ 1 ಪೂರ್ತಿ ಮಾಯ! 0.01ರಷ್ಟು ಬದಲಾವಣೆಗೆ ಐಗನ್ ಮೌಲ್ಯಗಳ ನಡುವೆ 0.2ರ ಅಂತರ ಬಂತು. ಐಗನ್ ಮೌಲ್ಯದ ಸೂತ್ರದೊಳಗೆ ವರ್ಗಮೂಲ ಕೂತಿರುವುದೇ ಇದಕ್ಕೆ ಕಾರಣ. ಸೊನ್ನೆಯ ಹತ್ತಿರ ಅದರ ಇಳಿಜಾರಿಗೆ ಮಿತಿಯೇ ಇಲ್ಲ. ಬಾಗಿಲು ಮಾತ್ರ ಹೆಚ್ಚುಕಮ್ಮಿ ಮೊದಲಿನ ಹಾಗೇ ಮುಚ್ಚಿಕೊಳ್ಳುತ್ತದೆ. ಜಿಗಿದದ್ದು ನಾವು ಬರೆದುಕೊಂಡ ರೂಪ.

ರಷ್ಯಾದ ಗಣಿತಜ್ಞ ವ್ಲಾದಿಮಿರ್ ಆರ್ನಾಲ್ಡ್ 1971ರಲ್ಲಿ ಇದಕ್ಕೆ ದಾರಿ ತೋರಿಸಿದರು. ಐಗನ್ ಮೌಲ್ಯಗಳನ್ನು ಬಿಡಿಸಲು ಹೋಗಬೇಡಿ, ಅದಕ್ಕೆ ಸ್ವಲ್ಪ ಮೊದಲೇ ನಿಲ್ಲಿ. 2×2ರ ಒಂದೇ ಜೋರ್ಡನ್ ಬ್ಲಾಕಿನ (ಕರ್ಣದಲ್ಲಿ ಒಂದೇ ಐಗನ್ ಮೌಲ್ಯ, ಅದರ ಮೇಲ್ಗಡೆ 1 ಇರುವ ತುಂಡು) ಹತ್ತಿರ ಇರುವ ಎಲ್ಲ ಮ್ಯಾಟ್ರಿಕ್ಸ್‌ಗಳನ್ನೂ ಬೇಸಿಸ್ ಬದಲಿಸಿ ಹೀಗೆ ತರಬಹುದು: ಮೇಲೆ 0, 1, ಕೆಳಗೆ ಅ, ಆ. ಬೇಸಿಸ್ ಕೂಡ ಪ್ಯಾರಾಮೀಟರ್ ಜೊತೆ ನಯವಾಗಿಯೇ ಬದಲಾಗುತ್ತದೆ. ಇಲ್ಲಿ ‘ಆ’ ಎಂದರೆ ಟ್ರೇಸ್ (ಕರ್ಣದ ಸಂಖ್ಯೆಗಳ ಮೊತ್ತ), ‘ಅ’ ಎಂದರೆ ಡಿಟರ್ಮಿನೆಂಟಿನ (ಕರ್ಣದ ಗುಣಲಬ್ಧದಿಂದ ಇನ್ನೊಂದು ಕರ್ಣದ ಗುಣಲಬ್ಧ ಕಳೆದದ್ದು) ಋಣ. ಎರಡೂ ಬರೀ ಕೂಡಿ, ಕಳೆದು, ಗುಣಿಸಿ ಬರುವಂಥವು. ವರ್ಗಮೂಲದ ಕಾಟವಿಲ್ಲ. ನಮ್ಮ ಬಾಗಿಲಿನ ಮ್ಯಾಟ್ರಿಕ್ಸ್ ಮೊದಲಿನಿಂದಲೂ ಇದೇ ರೂಪದಲ್ಲಿತ್ತು, ಗಮನಿಸಿದಿರಾ? ಕೆಳಗಿನ ಸಾಲಿನಲ್ಲಿ ಸ್ಪ್ರಿಂಗ್ ಮತ್ತು ಎಣ್ಣೆ. ನನಗೆ ಈ ಸಿದ್ಧಾಂತದಲ್ಲಿ ತುಂಬಾ ಇಷ್ಟವಾಗುವುದು ಇದೇ.

ದೊಡ್ಡ ಮ್ಯಾಟ್ರಿಕ್ಸ್‌ಗೆ ಅ, ಆ ಥರದ ಎಷ್ಟು ಪ್ಯಾರಾಮೀಟರ್ ಬೇಕು? ಒಂದೇ ಐಗನ್ ಮೌಲ್ಯ ಇದ್ದರೆ, ಬ್ಲಾಕುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮೊದಲನೆಯದರ ಅಳತೆಯ 1 ಪಟ್ಟು, ಎರಡನೆಯದರ 3 ಪಟ್ಟು, ಮೂರನೆಯದರ 5 ಪಟ್ಟು, ಹೀಗೆ ಕೂಡುತ್ತಾ ಹೋಗಿ. ಅದಕ್ಕಿಂತ ಕಡಿಮೆಯಲ್ಲಿ ಆಗುವುದಿಲ್ಲ. 2×2ರ ಸೊನ್ನೆ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಅದರಲ್ಲಿ ಅಳತೆ 1ರ ಎರಡು ಬ್ಲಾಕುಗಳಿವೆ, 1 + 3 = 4. ಅಂದರೆ ಅದರ ಸುತ್ತಮುತ್ತ ನಾಲ್ಕು ಸ್ಥಾನಗಳನ್ನೂ ಹಾಗೇ ಉಳಿಸಿಕೊಳ್ಳಬೇಕು.