ಫೈಲ್ ಓದುವ ಫಂಕ್ಷನ್‌ಗಳ ಪರೀಕ್ಷೆ: ಸೊರಬ ಎರಡು ಬಾರಿ ಬಂದದ್ದೇಕೆ?

ಸಿ ಭಾಷೆಯಲ್ಲಿ ಫೈಲ್ ಓದುವ ಪ್ರೋಗ್ರಾಂ ಬರೆದು, ಕೈಗೆ ಸಿಕ್ಕ ಫೈಲೊಂದನ್ನು ಕೊಟ್ಟು, ಉತ್ತರ ಸರಿ ಬಂದೊಡನೆ ಪರೀಕ್ಷೆ ಮುಗಿಯಿತೆಂದು ಎದ್ದುಬಿಡುವುದು ಕಲಿಯುವವರಲ್ಲಿ ಹಲವರ ರೂಢಿ. ಕೊಟ್ಟ ಫೈಲೇ ತಪ್ಪನ್ನು ಮುಚ್ಚಿಡಬಲ್ಲದು ಎಂಬುದಕ್ಕೆ, ಶಿವಮೊಗ್ಗ ಜಿಲ್ಲೆಯ 7 ತಾಲ್ಲೂಕುಗಳ ಹೆಸರನ್ನು ಸಾಲಿಗೊಂದರಂತೆ ಬರೆದು ಸೊರಬದಲ್ಲಿ ಮುಗಿಸಿದ ಪುಟ್ಟ ಫೈಲು ಸಾಕು.

'ಎಫ್‌ಇಒಎಫ್ ಸೊನ್ನೆಯಾಗಿರುವವರೆಗೆ ಎಫ್‌ಗೆಟ್ಸ್‌ನಿಂದ ಓದಿ ಮುದ್ರಿಸು' ಎಂಬ ಲೂಪಿಗೆ (ಎಫ್‌ಗೆಟ್ಸ್ ಎಂದರೆ ಸಾಲೊಂದನ್ನು ಓದಿ ಬಫರು ಎಂಬ ತಾತ್ಕಾಲಿಕ ಜಾಗದಲ್ಲಿಡುವ ಫಂಕ್ಷನ್) ಇದನ್ನು ಕೊಟ್ಟರೆ ಸೊರಬ ಎರಡು ಬಾರಿ ಬಂದು ತಾಲ್ಲೂಕುಗಳು 8 ಆಗುತ್ತವೆ. ಎಫ್‌ಇಒಎಫ್ ಮುಂದೇನಿದೆಯೆಂದು ಇಣುಕಿ ನೋಡುವುದಿಲ್ಲ; ಈಗಾಗಲೇ ನಡೆದ ಓದು ಫೈಲಿನ ಕೊನೆಗೆ ತಗಲಿತ್ತೇ ಎಂಬುದನ್ನಷ್ಟೇ ಹೇಳುತ್ತದೆ. ಎಂಟನೆಯ ಕರೆಯಲ್ಲಿ ಎಫ್‌ಗೆಟ್ಸ್ ಒಂದು ಬೈಟೂ ಸಿಗದೆ ನಲ್ (ಏನೂ ಸಿಗಲಿಲ್ಲವೆಂಬ ಸೂಚನೆ) ಹಿಂದಿರುಗಿಸುತ್ತದೆ, ಬಫರಿನಲ್ಲಿ ಹಳೆಯ ಸೊರಬವೇ ಉಳಿದಿರುತ್ತದೆ. ಸ್ವಾರಸ್ಯವೆಂದರೆ, ಕೊನೆಯ ಹೊಸಸಾಲಿನ ಗುರುತನ್ನು ಅಳಿಸಿದರೆ ಏಳನೆಯ ಓದೇ ಕೊನೆಗೆ ತಗಲುವುದರಿಂದ ಇದೇ ತಪ್ಪು ಲೂಪು 7 ಎಂದು ಸರಿಯುತ್ತರ ಕೊಡುತ್ತದೆ. ಆದ್ದರಿಂದ ಎರಡೂ ಬಗೆಯ ಫೈಲುಗಳು, ಜೊತೆಗೆ ಖಾಲಿ ಫೈಲೊಂದು ಬೇಕು. ಲೂಪಿನ ಷರತ್ತು ಎಫ್‌ಗೆಟ್ಸ್ ಹಿಂದಿರುಗಿಸುವ ಮೌಲ್ಯವೇ ಆಗಿರಬೇಕು. ಎಫ್‌ಇಒಎಫ್, ಓದುವಾಗ ದೋಷವಾಯಿತೇ ಎಂದು ಹೇಳುವ ಎಫ್‌ಎರರ್‌ಗಳನ್ನು ಲೂಪು ನಿಂತ ಮೇಲೆ, ಏಕೆ ನಿಂತಿತೆಂದು ತಿಳಿಯಲು ಕೇಳಬೇಕು.

ಬಫರಿನ ಅಳತೆಗೆ ಆಗುಂಬೆ ಒಳ್ಳೆಯ ಉದಾಹರಣೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟುಗಳು. ಆ, ಗ, ಕೊಂಬು, ಸೊನ್ನೆ, ಬ, ಎತ್ವ ಸೇರಿ 18. ಹೊಸಸಾಲಿಗೊಂದು, ಪಠ್ಯ ಮುಗಿಯಿತೆಂದು ಎಫ್‌ಗೆಟ್ಸ್ ಸೇರಿಸುವ ಕೊನೆಯ ಶೂನ್ಯ ಬೈಟಿಗೊಂದು ಕೂಡಿಸಿದರೆ 20ರ ಬಫರು ಸರಿಹೋಗುತ್ತದೆ. 19 ಕೊಟ್ಟರೆ ಹೆಸರು ಪೂರ್ತಿ ಬಂದರೂ ಹೊಸಸಾಲಿನ ಗುರುತು ಮುಂದಿನ ಕರೆಗೆ ಉಳಿದು, ಇಲ್ಲದ ಖಾಲಿ ಸಾಲೊಂದು ಲೆಕ್ಕಕ್ಕೆ ಸೇರುತ್ತದೆ. 16 ಕೊಟ್ಟರೆ 'ಆಗುಂಬ' ಮಾತ್ರ ಬರುತ್ತದೆ. ಎತ್ವ ಕಳೆದುಕೊಂಡ ಆ ಹೆಸರನ್ನು ಕಂಡು ನಾನು ಮೊದಲು ದೂರಿದ್ದು ಫಾಂಟನ್ನು. 15 ಕೊಟ್ಟರೆ ಬಕಾರವೇ ನಡುವೆ ಒಡೆಯುತ್ತದೆ.

ಒಂದೊಂದೇ ಬೈಟು ಓದುವ ಎಫ್‌ಗೆಟ್‌ಸಿ ಹಿಂದಿರುಗಿಸುವುದು ಇಂಟ್ (ಪೂರ್ಣಾಂಕ). ಅದನ್ನು ಒಂದೇ ಬೈಟಿನ ಕ್ಯಾರ್‌ನಲ್ಲಿ ಹಿಡಿದಿಟ್ಟರೆ, ಕ್ಯಾರ್ ಋಣ ಸಂಖ್ಯೆಗಳನ್ನೂ ಹಿಡಿಯುವ ಯಂತ್ರಗಳಲ್ಲಿ 255 ಎಂಬ ಬೈಟು -1 ಆಗಿ, ಫೈಲು ಮುಗಿಯಿತೆಂಬ ಸೂಚನೆಯಾದ, ಸಾಮಾನ್ಯವಾಗಿ -1 ಆಗಿಯೇ ಇರುವ ಇಒಎಫ್‌ನಂತೆ ಕಂಡು, ಓದು ನಡುವೆಯೇ ನಿಲ್ಲುತ್ತದೆ. ಧನ ಸಂಖ್ಯೆಗಳನ್ನಷ್ಟೇ ಹಿಡಿಯುವ ಕಡೆ ಲೂಪು ನಿಲ್ಲುವುದೇ ಇಲ್ಲ. ಯುಟಿಎಫ್-8ರಲ್ಲಿ 255 ಎಂಬ ಬೈಟು ಬರುವುದೇ ಇಲ್ಲವಾದ್ದರಿಂದ, ಮಲೆನಾಡಿನ ಊರುಗಳ ಹೆಸರನ್ನೆಲ್ಲ ತುಂಬಿಸಿದರೂ ಮೊದಲ ಬಗೆಯ ಯಂತ್ರದಲ್ಲಿ ಈ ತಪ್ಪು ಹೊರಬೀಳದು. 65, 255, 66 ಎಂಬ ಮೂರು ಬೈಟುಗಳನ್ನು ಬೈನರಿ ವಿಧಾನದಲ್ಲಿ ನಾವೇ ಬರೆದು ಎಣಿಸಬೇಕು: ಸರಿಯಾದ ಪ್ರೋಗ್ರಾಂ 3 ಎನ್ನುತ್ತದೆ, ತಪ್ಪಾದದ್ದು ಅಲ್ಲಿ 1 ಎನ್ನುತ್ತದೆ.